ಬೆನೆಗಲ್ ಕೇಳಿಸಿಕೊಂಡ ದಖನಿ

ನಮ್ಮ ಮನೆಯಲ್ಲಿ ‘ಬೇಡ’ ಅನ್ನೋಕೆ ‘ನಕ್ಕೋ’ ಅಂತೇವೆ, ‘ಹೌದು’ ಅನ್ನೋಕೆ ‘ಹೌ’. ಬಿ.ಎಡ್. ಪಾಠಾಭ್ಯಾಸದ ದಿನ ಉರ್ದು ತರಗತಿಯಲ್ಲಿ ಬಾಯಿ ತಪ್ಪಿ ‘ಹೌ’ ಅಂದುಬಿಟ್ಟೆ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಮೇಲ್ವಿಚಾರಕರು ಜೋರಾಗಿ ನಕ್ಕರು. ಮಕ್ಕಳೂ ನಕ್ಕರು. ಅವರ ಮನೆಯಲ್ಲೂ ಅದೇ ‘ಹೌ’ ಇತ್ತು ಎಂಬುದು ನನಗೆ ಗೊತ್ತಿತ್ತು.

ಈ ನಗುವನ್ನು ನಮಗೆ ರೂಢಿ ಮಾಡಿಸಿದವರಲ್ಲಿ ಸಿನಿಮಾದವರೂ ಇದ್ದಾರೆ. 1965ರ ‘ಗುಮ್‌ನಾಮ್’ನಲ್ಲಿ ಮೆಹಮೂದ್ ಹೈದರಾಬಾದಿ ಮಾತಾಡಿದ್ದು ನೆನಪಿಸಿಕೊಳ್ಳಿ. ಅವರು ದೊಡ್ಡ ನಟ, ನಾನೂ ನಕ್ಕಿದ್ದೇನೆ. ಆದರೆ ದಖನಿ ಎಂದರೆ ತಮಾಷೆಗೆ ಮಾತ್ರ ಎಂಬ ಲೆಕ್ಕ ಅಲ್ಲಿಗೆ ಗಟ್ಟಿಯಾಯಿತು. ಅದನ್ನು ತಪ್ಪಿಸಿದವರು ಶ್ಯಾಮ್ ಬೆನೆಗಲ್. ಅವರ ಸಿನಿಮಾ ಬದುಕನ್ನು ಈ ಒಂದು ಮಾತಿನ ಜಾಡು ಹಿಡಿದು ನೋಡೋಣ.

1934ರಲ್ಲಿ ಹೈದರಾಬಾದಿನ ತಿರುಮಲಗಿರಿಯಲ್ಲಿ ಹುಟ್ಟಿದ ಬೆನೆಗಲ್ ಕರಾವಳಿ ಕರ್ನಾಟಕ ಮೂಲದ ಕೊಂಕಣಿ ಮನೆಯವರು. ತಂದೆ ಛಾಯಾಗ್ರಾಹಕರು. ಓದಿದ್ದು ನಿಜಾಮ್ ಕಾಲೇಜಿನಲ್ಲಿ. ಇದೇ ಊರಿನಲ್ಲಿ ಫಿಲ್ಮ್ ಸೊಸೈಟಿ ಕಟ್ಟಿ, ಆಮೇಲೆ ಮುಂಬೈಗೆ ಹೋಗಿ ವರ್ಷಗಟ್ಟಲೆ ಜಾಹೀರಾತು ಚಿತ್ರ ಮಾಡಿದರು. ಕಾಲೇಜು ದಿನಗಳಲ್ಲಿ ಬರೆದಿದ್ದ ಕಥೆ ‘ಅಂಕುರ್’ ಆಗಿ ತೆರೆಗೆ ಬಂದದ್ದು 1974ರಲ್ಲಿ, ಅವರಿಗೆ ನಲವತ್ತು ಹತ್ತಿರವಾದಾಗ.

‘ಅಂಕುರ್’ನ ಕೊನೆಯ ದೃಶ್ಯ ನೋಡಿ. ಜಮೀನ್ದಾರನ ಮಗ (ನಮ್ಮ ಅನಂತ್ ನಾಗ್) ಹೆದರಿಕೆಯಿಂದ, ಕೆಲಸ ಕೇಳಲು ಬಂದ ಮೂಗ ಕಿಷ್ಟಯ್ಯನನ್ನು ಚಾವಟಿಯಲ್ಲಿ ಹೊಡೆಯುತ್ತಾನೆ. ಕಿಷ್ಟಯ್ಯನ ಹೆಂಡತಿ ಲಕ್ಷ್ಮಿ ಓಡಿ ಬಂದು ಅವನಿಗೆ ಶಾಪ ಹಾಕುತ್ತಾಳೆ. ಶಬಾನಾ ಆಜ್ಮಿ ಬಾಯಲ್ಲಿ ಬರುವುದು ದಖನಿ. ಅಲ್ಲಿ ಯಾರಿಗೂ ನಗು ಬರುವುದಿಲ್ಲ. ಈ ಮಾತಿನಲ್ಲಿ ಸಿಟ್ಟು ಮಾಡಬಹುದು, ಅಳಬಹುದು, ನ್ಯಾಯ ಕೇಳಬಹುದು ಎಂದು ಅವತ್ತು ಗೊತ್ತಾಯಿತು. ಶಬಾನಾಗೆ ರಾಷ್ಟ್ರಪ್ರಶಸ್ತಿ ಬಂದದ್ದು ಇದೇ ಪಾತ್ರಕ್ಕೆ.

ಇದು ಸಾಧ್ಯವಾದದ್ದಕ್ಕೆ ದುಡ್ಡಿನ ಮೂಲವೂ ಒಂದು ಕಾರಣ ಎಂದು ನನ್ನ ಅನಿಸಿಕೆ. ‘ಅಂಕುರ್’ಗೆ ಹಣ ಹಾಕಿದ್ದು ಜಾಹೀರಾತು ಚಿತ್ರಗಳನ್ನು ಹಂಚುತ್ತಿದ್ದ ಬ್ಲೇಜ್ ಸಂಸ್ಥೆ. 1976ರ ‘ಮಂಥನ್’ಗೆ ಗುಜರಾತಿನ ಐದು ಲಕ್ಷ ಹೈನುಗಾರರು ತಲಾ ಎರಡು ರೂಪಾಯಿ ಕೊಟ್ಟರು. 1994ರ ‘ಮಮ್ಮೋ’ಗೆ ಸರ್ಕಾರಿ ಚಿತ್ರ ನಿಗಮದ ನೆರವಿತ್ತು. ಕಥೆಗೆ ತಕ್ಕ ದುಡ್ಡು ಹುಡುಕಿದರೇ ಹೊರತು ದುಡ್ಡಿಗೆ ತಕ್ಕ ಕಥೆ ಮಾಡಲಿಲ್ಲ. ಸ್ವತಂತ್ರ ನಿರ್ದೇಶಕ ಅಂದರೆ ಇದೇ ತಾನೆ?

ಹಾಗಂತ ಎಲ್ಲದಕ್ಕೂ ತಲೆ ಆಡಿಸಬೇಕಾಗಿಲ್ಲ. ತೆಲಂಗಾಣದ ಹಳ್ಳಿಯ ದಲಿತ ಹೆಣ್ಣುಮಗಳು ಗಂಡನ ಮುಂದೆ ಮಾತಾಡೋದು ತೆಲುಗು. ಹಿಂದಿ ಪ್ರೇಕ್ಷಕರಿಗಾಗಿ ಲಕ್ಷ್ಮಿಗೆ ದಖನಿ ಕೊಟ್ಟಾಗ ನಮ್ಮ ಮಾತಿಗೆ ಮಾನ ಬಂತು, ಅವಳ ಮಾತು ಮರೆಯಾಯಿತು. ಇದನ್ನು ನಾವೇ ಹೇಳಬೇಕು.

ಇನ್ನೊಂದು ತಕರಾರು. ಮುಸ್ಲಿಂ ಹೆಣ್ಣುಮಕ್ಕಳ ಬಗ್ಗೆ ಅವರು ಮಾಡಿದ ‘ಮಮ್ಮೋ’, ‘ಸರ್ದಾರಿ ಬೇಗಂ’, ‘ಜುಬೇದಾ’ ಮೂರನ್ನೂ ಬರೆದವರು ಖಾಲಿದ್ ಮೊಹಮ್ಮದ್. ‘ಮಮ್ಮೋ’ ನೋಡಿ ನಾನು ಅತ್ತಿದ್ದೇನೆ. ಪಾಣಿಪತ್‌ನಲ್ಲಿ ಹುಟ್ಟಿ, ದೇಶ ಇಬ್ಭಾಗವಾದ ಮೇಲೆ ಪಾಕಿಸ್ತಾನದವಳಾಗಿ, ತಂಗಿ-ಅಕ್ಕಂದಿರ ಮನೆಯೇ ಪರದೇಶವಾದ ಮುದುಕಿ ಅವಳು. ಆದರೆ ಈ ಮೂವರಲ್ಲಿ ಯಾರೂ ನಮ್ಮ ದಖ್ಖನ್ನಿನವರಲ್ಲ. ಬೀದರ್, ಕಲಬುರಗಿ, ಹೈದರಾಬಾದಿನ ನಮ್ಮ ಅಮ್ಮಿ, ನಾನಿಯರ ಕಥೆಗೆ ಆ ಸಾಲಿನಲ್ಲಿ ಜಾಗ ಸಿಗಲಿಲ್ಲ.

ಆ ಕೊರತೆ ಸ್ವಲ್ಪ ತೀರಿದ್ದು 2009ರ ‘ವೆಲ್ ಡನ್ ಅಬ್ಬಾ’ದಲ್ಲಿ. ಇದರ ಮೂಲ ಕಥೆಗಳಲ್ಲಿ ಒಂದು ಹೈದರಾಬಾದಿನ ಉರ್ದು ಲೇಖಕಿ ಜೀಲಾನಿ ಬಾನೋ ಅವರದು. ಮುಂಬೈಯಲ್ಲಿ ಡ್ರೈವರ್ ಆಗಿರುವ ಅರ್ಮಾನ್ ಅಲಿ ರಜೆಗೆ ಊರಿಗೆ ಬಂದು ಸರ್ಕಾರಿ ಯೋಜನೆಯಲ್ಲಿ ಬಾವಿಗೆ ಅರ್ಜಿ ಹಾಕುತ್ತಾನೆ. ದುಡ್ಡೆಲ್ಲ ಲಂಚಕ್ಕೆ ಹೋಗುತ್ತದೆ, ಬಾವಿ ಕಾಗದದಲ್ಲಿ ಮಾತ್ರ ಮುಗಿಯುತ್ತದೆ. ಆಗ ಅಪ್ಪ-ಮಗಳು ‘ನಮ್ಮ ಬಾವಿ ಕಳುವಾಗಿದೆ’ ಎಂದು ದೂರು ಕೊಡುತ್ತಾರೆ! ಇಲ್ಲಿ ದಖನಿಯೂ ಇದೆ, ನಗುವೂ ಇದೆ. ಆದರೆ ನಾವು ನಗೋದು ಕಚೇರಿಯ ಮೇಲೆ, ಅರ್ಮಾನನ ಮಾತಿನ ಮೇಲಲ್ಲ. ‘ಅಂಕುರ್’ನಷ್ಟು ಬಿಗಿಯಾದ ಚಿತ್ರ ಇದಲ್ಲ, ಅಲ್ಲಲ್ಲಿ ಎಳೆದಂತಿದೆ. ಆದರೂ ಮಕ್ಕಳಿಗೆ ಮೊದಲು ತೋರಿಸುವುದಾದರೆ ಇದನ್ನೇ ತೋರಿಸಿ.

2024ರ ಡಿಸೆಂಬರ್‌ನಲ್ಲಿ ಬೆನೆಗಲ್ ತೀರಿಕೊಂಡರು. ಈಗ ನನ್ನ ತರಗತಿಯಲ್ಲಿ ಯಾವುದಾದರೂ ಹುಡುಗಿ ‘ನಕ್ಕೋ ಟೀಚರ್’ ಅಂದರೆ, ಪರೀಕ್ಷೆಯಲ್ಲಿ ಬರೆಯುವ ಪದ ಬೇರೆ ಇದೆ ಅಂತ ಹೇಳಿಕೊಡುತ್ತೇನೆ. ತಪ್ಪು ಅಂತ ಹೇಳೋದಿಲ್ಲ. ನೀವೂ ಮನೆಯಲ್ಲಿ ಹಾಗೆ ಹೇಳಬೇಡಿ.