ಉತ್ತರ ಪತ್ರಿಕೆಯಲ್ಲೇ ಮುಗಿಯುವ ಪತ್ರಿಕೋದ್ಯಮ

ಪತ್ರಿಕೋದ್ಯಮದ ಎಂ.ಎ. ಬಗ್ಗೆ ಸುದ್ದಿಮನೆಗಳಲ್ಲಿ ಹಳೆಯ ದೂರೊಂದಿದೆ: ಥಿಯರಿ ಜಾಸ್ತಿ, ಕೆಲಸ ಕಮ್ಮಿ. ಈ ದೂರಿನಲ್ಲಿ ಅರ್ಧವನ್ನು ಮಾತ್ರ ನಾನು ಒಪ್ಪುತ್ತೇನೆ. ನಮ್ಮ ಸ್ನಾತಕೋತ್ತರ ವಿಭಾಗಗಳು ಸೊರಗಿರುವುದು ಥಿಯರಿ ಹೆಚ್ಚಾಗಿ ಅಲ್ಲ, ಅದನ್ನು ಬರೀ ಉತ್ತರವಾಗಿ ಬಾಯಿಪಾಠ ಮಾಡಿಸಿ.

ಜನ ಯಾವುದನ್ನು ದೊಡ್ಡ ವಿಷಯವೆಂದು ಎಣಿಸುತ್ತಾರೆ ಎಂಬುದನ್ನು ಸುದ್ದಿ ಮಾಧ್ಯಮಗಳು ರೂಪಿಸುತ್ತವೆ ಎನ್ನುವ ಅಜೆಂಡಾ ಸೆಟ್ಟಿಂಗ್ ಸಿದ್ಧಾಂತವನ್ನೇ ನೋಡಿ. ಮ್ಯಾಕ್‌ಕೂಂಬ್ಸ್ ಮತ್ತು ಶಾ ಎಂಬ ಹೆಸರು, 1972 ಎಂಬ ಇಸವಿ, ಒಂದು ವ್ಯಾಖ್ಯೆ, ನಾಲ್ಕು ಟೀಕೆ ಬರೆದರೆ ಅಂಕ ಖಾತ್ರಿ. ಆದರೆ ಆ ಇಬ್ಬರು ಮಾಡಿದ್ದೇನು? 1968ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ ಚಾಪೆಲ್ ಹಿಲ್‌ನಲ್ಲಿ, ಯಾರಿಗೆ ಮತ ಎಂದು ಇನ್ನೂ ತೀರ್ಮಾನಿಸದ ನೂರು ಜನರನ್ನು ಕಂಡು, ಈಗ ಎದುರಿಗಿರುವ ದೊಡ್ಡ ಸಮಸ್ಯೆ ಯಾವುದು ಎಂದು ಕೇಳಿದರು. ಆ ಜನ ಓದುತ್ತಿದ್ದ, ನೋಡುತ್ತಿದ್ದ ಸುದ್ದಿಯನ್ನೂ ಅಳೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ತಿರುಗಾಡಿ ಮಾಡಿದ ಕೆಲಸ ಅದು. ತುಮಕೂರಿನಲ್ಲೋ ಕಲಬುರಗಿಯಲ್ಲೋ ಅದನ್ನೇ ಮಾಡಲು ಒಂದು ತರಗತಿಯ ಹುಡುಗರು, ಬಸ್ ಪಾಸು, ಮೂರು ವಾರದ ಪ್ರಜಾವಾಣಿ, ವಿಜಯ ಕರ್ನಾಟಕದ ಪ್ರತಿಗಳು ಸಾಕು. ಪಾಲಿಕೆ ಚುನಾವಣೆಯ ಹೊತ್ತಿಗೆ ಓಣಿಯವರೆಲ್ಲ ಕುಡಿಯುವ ನೀರು ಎನ್ನುತ್ತಿದ್ದಾಗ ಮುಖಪುಟದಲ್ಲಿ ಯಾವ ನಾಯಕರ ಹೇಳಿಕೆ ಕೂತಿತ್ತು ಎಂದು ತಾನೇ ಎಣಿಸಿ ನೋಡಿದ ವಿದ್ಯಾರ್ಥಿನಿ ಆ ಸಿದ್ಧಾಂತವನ್ನು ಜನ್ಮದಲ್ಲಿ ಮರೆಯಲಾರಳು. ಅದು ನಮ್ಮ ಊರಿಗೆ ಎಲ್ಲಿ ಒಗ್ಗುವುದಿಲ್ಲ ಎಂದೂ ಹೇಳಬಲ್ಲಳು.

1951ರಲ್ಲಿ ನಾಡಿಗ ಕೃಷ್ಣಮೂರ್ತಿಯವರ ಮುಂದಾಳತ್ವದಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಶುರುವಾದ ಪಾಠ ಇಂದು ನಾಡಿನ ಉದ್ದಗಲಕ್ಕೂ ಹಬ್ಬಿದೆ. ವಿಭಾಗಗಳು ಪ್ರಾಯೋಗಿಕ ಪತ್ರಿಕೆಗಳನ್ನೂ ತರುತ್ತವೆ. ಬಿಡಿಸಿ ನೋಡಿದರೆ ಮುಖಪುಟದಲ್ಲಿ ಕುಲಪತಿಗಳ ಭಾಷಣ, ಒಳಪುಟದಲ್ಲಿ ವಿಚಾರ ಸಂಕಿರಣದ ಫೋಟೊ. ಹಾಸ್ಟೆಲಿನ ಊಟ, ಅತಿಥಿ ಉಪನ್ಯಾಸಕರ ಸಂಬಳ ಸುದ್ದಿಯಾಗುವುದು ಅಪರೂಪ. ಅಮೆರಿಕದ ಮಿಸೌರಿ ಪತ್ರಿಕೋದ್ಯಮ ಶಾಲೆ 1908ರಲ್ಲಿ ಬಾಗಿಲು ತೆರೆದ ದಿನವೇ ಅದರ ವಿದ್ಯಾರ್ಥಿಗಳ ದಿನಪತ್ರಿಕೆಯೂ ಹೊರಬಂತು. ಹಾಗೆ ಓದುಗರ ಕೈಗೆ ಹೋಗುವ, ತಪ್ಪಾದರೆ ಬೈಗುಳ ಬರುವ ಪತ್ರಿಕೆ ಮಾತ್ರ ಕಲಿಸೀತು.

ನನಗೆ ಹೆಚ್ಚು ನೋವಾಗುವುದು ಕಡತ ಓದಲು ಕಲಿಸದಿರುವುದಕ್ಕೆ. ಗ್ರಾಮ ಪಂಚಾಯಿತಿಯ ಒಂದು ಚರಂಡಿ ಕಾಮಗಾರಿ ಎಂದಿಟ್ಟುಕೊಳ್ಳಿ. ಅದಕ್ಕೊಂದು ಅಂದಾಜು ಪಟ್ಟಿ, ಒಂದು ಬಿಲ್ಲು, ನಡುವೆ ಎಂಜಿನಿಯರ್ ಬರೆಯುವ ಅಳತೆ ಪುಸ್ತಕ ಇರುತ್ತದೆ. ಕಚೇರಿಗಳಲ್ಲಿ ಇದಕ್ಕೆ ಎಂ.ಬಿ. ಎನ್ನುತ್ತಾರೆ. ಉದ್ದ, ಅಗಲ, ಆಳ ಎಂದು ಸಾಲು ಸಾಲಾಗಿ ಬರೆದಿರುವ ಆ ಪುಟದ ಜೆರಾಕ್ಸ್ ಒಂದು ಕೈಯಲ್ಲಿ, ಟೇಪು ಇನ್ನೊಂದು ಕೈಯಲ್ಲಿ ಹಿಡಿದು ಚರಂಡಿಯ ದಂಡೆಯ ಮೇಲೆ ನಡೆದವನಿಗೆ ವರದಿಗಾರಿಕೆ ಅಂದರೇನು ಎಂದು ಯಾರೂ ಹೇಳಿಕೊಡಬೇಕಿಲ್ಲ. ಎರಡು ವರ್ಷ ಓದಿ ಹೊರಬಿದ್ದ ಪದವೀಧರರಲ್ಲಿ ಎಂ.ಬಿ.ಯನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ ಇದ್ದಾರು?

ಇದಕ್ಕೆ ಸಮಯವಿಲ್ಲ ಎನ್ನುವ ಮಾತು ನಿಲ್ಲುವುದಿಲ್ಲ. ಇಂಥ ಕಡತವನ್ನು ಕೇಳಿ ಪಡೆಯುವ ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಸೆಮಿಸ್ಟರ್ ನಾಲ್ಕು ತಿಂಗಳಿನದು. ಮೊದಲ ಮೇಲ್ಮನವಿ ಹಾಕಲೂ ಅವಕಾಶ ಉಳಿಯುತ್ತದೆ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಏನು ಕೇಳುತ್ತಿದ್ದೇನೆ ಎಂದು ಮೊದಲೇ ಖಚಿತ ಮಾಡಿಕೊಳ್ಳದೆ ಅಂಥದ್ದೊಂದು ಅರ್ಜಿ ಬರೆಯಲಾಗದು. ಇಂಟ್ರೊ ಬರೆಯುವುದಕ್ಕೆ ಇದಕ್ಕಿಂತ ಒಳ್ಳೆಯ ತಾಲೀಮು ನನಗೆ ಗೊತ್ತಿಲ್ಲ.

ಕೊನೆಯ ಸೆಮಿಸ್ಟರಿನ ಕಿರುಪ್ರಬಂಧದ ಜಾಗಕ್ಕೆ ಇದನ್ನೇ ತರಬಹುದು. ಪ್ರಶ್ನಾವಳಿ ಹಂಚಿ, ಶೇಕಡಾವಾರು ಕೋಷ್ಟಕ ಹಾಕಿ, ಬೈಂಡು ಮಾಡಿಸಿ ಕಪಾಟಿಗೆ ಸೇರಿಸುವ ಬದಲು ಅರ್ಜಿ, ಸಿಕ್ಕ ದಾಖಲೆ, ಅದರಿಂದ ಬರೆದ ವರದಿ, ಅದಕ್ಕೆ ಅಧಿಕಾರಿ ಕೊಟ್ಟ ಪ್ರತಿಕ್ರಿಯೆ, ಈ ನಾಲ್ಕನ್ನೂ ವಿದ್ಯಾರ್ಥಿ ಮೌಖಿಕ ಪರೀಕ್ಷೆಯಲ್ಲಿ ಮುಂದಿಡಲಿ. ಆಚೆ ಬದಿ ಕೂತ ಪರೀಕ್ಷಕರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲೇ ಓಡಾಡುವ ವರದಿಗಾರರಿರಲಿ.