ಎರೆ ಸೀಮೆಯಲ್ಲಿ ಹೋರಿ ಪಳಗಿಸುವ ಕ್ರಮ

ನವಲಗುಂದ, ಅಣ್ಣಿಗೇರಿ, ಕುಂದಗೋಳ ಭಾಗದ ಎರೆ ಹೊಲಗಳಲ್ಲಿ ಉಳುಮೆ ಬಹುಮಟ್ಟಿಗೆ ಟ್ರ್ಯಾಕ್ಟರಿನ ಪಾಲಾಗಿದ್ದರೂ ಎಡೆ ಹೊಡೆಯಲು ಎತ್ತುಗಳ ಬಳಕೆ ಇನ್ನೂ ಉಳಿದಿದೆ. ಹತ್ತಿ, ಮೆಣಸಿನ ಸಾಲುಗಳ ನಡುವೆ ಗಿಡ ತುಳಿಯದಂತೆ ಕುಂಟಿ ಎಳೆಯುವ ಎತ್ತಿಗೆ ಬಲವೊಂದೇ ಸಾಲದು, ಹಿಂದೆ ನಡೆಯುವವನ ದನಿಯನ್ನು ಅದು ನಂಬಿರಬೇಕು. ಹೋರಿ ಪಳಗಿಸುವ ಕ್ರಮದ ಗುಣದೋಷ ತಿಳಿಯುವುದು ಈ ಸಾಲಿನಲ್ಲೇ.

ಕಲಿಕೆ ಶುರುವಾಗುವುದು ದನ ಕಟ್ಟುವ ದಂದಕ್ಕಿಯಲ್ಲಿ. ಮೇವು ತಿನ್ನುವ ಗ್ವಾದಲಿಗೆ ಕಣಿಕೆ ಹಾಕುವ ಕೈಯೇ ದಿನವೂ ಹೋರಿಯ ಮೈ ತಿಕ್ಕುತ್ತದೆ, ಗಂಗೆದೊಗಲು ಸವರುತ್ತದೆ. ದನಗಳು ಒಂದನ್ನೊಂದು ನೆಕ್ಕುವಾಗಲೂ ಹೆಚ್ಚಾಗಿ ತಲೆ, ಕುತ್ತಿಗೆಯನ್ನೇ ನೆಕ್ಕುತ್ತವೆ. ಅಲ್ಲಿ ಕೈಯಾಡಿಸಿದರೆ ಹೋರಿ ಕತ್ತು ಚಾಚಿ ನಿಲ್ಲುತ್ತದೆ. ದನಕ್ಕೆ ಸುತ್ತ 300 ಡಿಗ್ರಿಗೂ ಹೆಚ್ಚು ನೋಟವಿದ್ದರೂ ನೇರ ಬೆನ್ನ ಹಿಂದಿನದು ಕಾಣದು. ಅನುಭವಸ್ಥ ಒಕ್ಕಲಿಗ ಹಿಂದಿನಿಂದ ಹೋಗದೆ, ಮೊದಲು ಮಾತಾಡಿಸಿ, ಹೆಗಲ ಕಡೆಯಿಂದ ಹತ್ತಿರವಾಗುವುದು ಇದಕ್ಕೇ. ಈ ಕ್ರಮದಲ್ಲಿ ಅತ್ಯಂತ ಮೆಚ್ಚತಕ್ಕ ಭಾಗ ಇದು.

ಎರಡು ಹಲ್ಲು ಹಚ್ಚಿದ, ಅಂದರೆ 2 ವರ್ಷ ದಾಟಿದ ಹೋರಿಯನ್ನು ನುರಿತ ಎತ್ತಿನ ಜೋಡಿ ಹೂಡಲಾಗುತ್ತದೆ. ಮೊದಲು ಬರೀ ನೊಗ, ಆಮೇಲೆ ಹಗುರ ಕೊರಡು, ಕೊನೆಗೆ ಕುಂಟಿ. ಪಕ್ಕದ ಎತ್ತು ಬೆದರದಿರುವುದನ್ನು ಕಂಡೇ ಹೋರಿ ಅರ್ಧ ಕಲಿಯುತ್ತದೆ. ತಳಿಯ ಸ್ವಭಾವವನ್ನೂ ಇಲ್ಲಿ ಲೆಕ್ಕಕ್ಕೆ ಹಿಡಿಯಬೇಕು. ಎರೆ ಮಣ್ಣಿಗೆಂದೇ ರೂಪುಗೊಂಡ ಕೃಷ್ಣಾ ಕಣಿವೆ ತಳಿ ಭಾರಿ ಮೈಯದು, ಸಾವಕಾಶದ್ದು. ಕಿಲಾರಿ ಚುರುಕು, ಹೊಸಬರನ್ನು ಸುಲಭವಾಗಿ ಹತ್ತಿರ ಬಿಟ್ಟುಕೊಳ್ಳದು. ಕಿಲಾರಿಯನ್ನು ಅವಸರಿಸಿದರೆ ಅದು ಹಾಯುವುದನ್ನು ಕಲಿಯುತ್ತದೆ.

ದೋಷವಿರುವುದು ಮೂಗುದಾರ ಮತ್ತು ಬಾರುಕೋಲಿನ ಬಳಕೆಯಲ್ಲಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮೂಗು ಚುಚ್ಚುವುದನ್ನು ನಿಯಮಿತ ವಿಧಾನಕ್ಕೆ ಒಳಪಟ್ಟು ಒಪ್ಪುತ್ತದೆ. ಹತೋಟಿಗೆಂದು ಹಾಕಿದ ದಾರವನ್ನು ಪದೇ ಪದೇ ಜಗ್ಗಿದರೆ ಗಾಯ ಮಾಯುವುದಿಲ್ಲ, ಮುಖದ ಹತ್ತಿರ ಬಂದ ಕೈಗೆಲ್ಲ ಹೋರಿ ತಲೆ ಕೊಡವುತ್ತದೆ. ತಿಂಗಳುಗಟ್ಟಲೆ ಸವರಿ ಗಳಿಸಿದ ನಂಬಿಕೆ ಅಲ್ಲಿಗೆ ಹೋಯಿತು. ಮೊಳೆ ಹಚ್ಚಿದ ಕೋಲನ್ನಂತೂ ಆ ಕಾಯ್ದೆಯಡಿಯ 1965ರ ನಿಯಮಗಳೇ ನಿಷೇಧಿಸಿವೆ. ದಿನಕ್ಕೆ 9 ಗಂಟೆ, ಬಿಡುವಿಲ್ಲದೆ 5 ಗಂಟೆ ಮೀರಿ ದುಡಿಸಬಾರದೆಂಬುದೂ ಅವುಗಳಲ್ಲಿದೆ. ಎಳೆಯ ಹೋರಿಗೆ ಅಷ್ಟೂ ಹೆಚ್ಚೇ.

ಕಾರಹುಣ್ಣಿಮೆಯ ದಿನ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಸಿಹಿ ಉಣಿಸುವುದು ಒಡನಾಟವನ್ನು ಗಟ್ಟಿ ಮಾಡುವ ಆಚರಣೆ. ಅಂದೇ ಕರಿ ಹರಿಯುವಾಗಿನ ಎತ್ತುಗಳ ಓಟಕ್ಕೆ ಮಾತ್ರ ಆ ವರ್ಷ ನೊಗ ಕಂಡ ಹೋರಿಯನ್ನು ಇಳಿಸಬಾರದು. ಹಲಗೆಯ ಸದ್ದು, ಹಿಂದಿನಿಂದ ಅಟ್ಟುವ ಜನ, ಎರಡೂ ದಂದಕ್ಕಿಯಲ್ಲಿ ಕಲಿಸಿದ್ದಕ್ಕೆ ವಿರುದ್ಧ.

ಇವೆಲ್ಲಕ್ಕಿಂತ ದೊಡ್ಡ ಲೋಪ ಕೊಳ್ಳುವ ಹೊತ್ತಿನದು. ಮುಂಗಾರಿನ ಬಾಗಿಲಲ್ಲಿ ಜೋಡಿ ತಂದು ಮರುದಿನವೇ ಹೂಡಿದರೆ, ಪಳಗಿದ ಎತ್ತೂ ಅಪರಿಚಿತ ದನಿಗೆ ಗಲಿಬಿಲಿಗೊಳ್ಳುತ್ತದೆ, ಕೂಡಲೇ ಬಾರುಕೋಲು ಮೇಲೇಳುತ್ತದೆ. ಸುಗ್ಗಿ ಮುಗಿದ ಬೇಸಿಗೆಯಲ್ಲೇ ಕೊಂಡರೆ ಬಿತ್ತನೆಗೆ ಮೊದಲು ಹೊಸ ಒಡೆಯನ ಕೈ, ದನಿ, ಗ್ವಾದಲಿ ಎತ್ತಿಗೆ ಗುರುತಾಗುತ್ತವೆ. ಆ ತಿಂಗಳುಗಳ ಮೇವಿನ ಖರ್ಚು ಹೊರೆಯೇ ಸರಿ. ಆದರೂ ಎಡೆಯ ಸಾಲಿನಲ್ಲಿ ಉಳಿಯುವ ಗಿಡಗಳನ್ನು ಲೆಕ್ಕಕ್ಕೆ ತಂದರೆ ಅದು ವ್ಯರ್ಥವಲ್ಲ.