ಎಷ್ಟು ಲೀಟರಿನ ಡ್ರಿಪ್ಪರ್?

ಮಳೆಗಾಲದಲ್ಲಿ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಕತಗಾಲದ ಕಡೆಗೆ ಡ್ರಿಪ್ ಯಾಕೆ ಎಂದು ಕೇಳುವವರು ಶಿವರಾತ್ರಿ ಕಳೆದ ಮೇಲೆ ಒಮ್ಮೆ ಇಲ್ಲಿನ ಅಡಿಕೆ ತೋಟ ಸುತ್ತಬೇಕು. ಜಂಬಿಟ್ಟಿಗೆ ಮಣ್ಣು ನೀರು ಹಿಡಿದಿಟ್ಟುಕೊಳ್ಳುವುದಿಲ್ಲ.

ಅಂಗಡಿಯವರ ಮೊದಲ ಪ್ರಶ್ನೆ, ‘ಎಷ್ಟು ಲೀಟರಿಂದು ಕೊಡ್ಲಿ?’ ಗಂಟೆಗೆ 2, 4, 8 ಲೀಟರಿನವು ಸಾಲಾಗಿ ಇರುತ್ತವೆ. ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಎನ್ನುವುದು ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿ.ಪಿ.ಸಿ.ಆರ್.ಐ.ಯ ಶಿಫಾರಸು. ಎಂಟರದ್ದು ಒಂದು ಹಾಕಿದರೂ ಎರಡು ತಾಸಿಗೆ 16, ನಾಲ್ಕರದ್ದು ಎರಡು ಹಾಕಿದರೂ 16. ನನ್ನ ಮತ ನಾಲ್ಕರದ್ದು ಎರಡಕ್ಕೆ. ಇಂಥ ಮಣ್ಣಿನಲ್ಲಿ ನೀರು ಅಗಲಕ್ಕೆ ಹರಡದೆ ನೆಟ್ಟಗೆ ಕೆಳಗಿಳಿಯುತ್ತದೆ. ಒಂದೇ ಕಡೆ ಬಿಟ್ಟರೆ ಬುಡದ ಆಚೆ ಬದಿಯ ಬೇರು ಒಣಗಿಯೇ ಇರುತ್ತದೆ. ಒಂದು ಕಟ್ಟಿಕೊಂಡರೆ ಇನ್ನೊಂದಾದರೂ ತೊಟ್ಟಿಕ್ಕುತ್ತದೆ ಎಂಬ ಲಾಭ ಬೇರೆ.

ಲೀಟರಿಗಿಂತ ಮೊದಲು ಕೇಳಬೇಕಾದ್ದು, ನೀರು ಎಲ್ಲಿಯದು ಎಂದು. 1965ರಲ್ಲಿ ನೆಗೆವ್ ಮರುಭೂಮಿಯ ಹಟ್ಜೆರಿಮ್‌ನಲ್ಲಿ ಡ್ರಿಪ್ಪರ್ ತಯಾರಿಕೆಗೆ ಇಳಿದವರು ನಮ್ಮ ಹೊಳೆಯ ಕೊಳೆತ ಎಲೆಯನ್ನಾಗಲಿ, ಬಾವಿಯ ಕಬ್ಬಿಣದ ಅಂಶವನ್ನಾಗಲಿ ಕಂಡವರಲ್ಲ. ಡ್ರಿಪ್ಪರಿನ ಹೊಟ್ಟೆಯಲ್ಲಿರುವುದು ಸುತ್ತುಬಳಸಿನ ಕಿರಿದಾದ ದಾರಿ; ನೀರಿನ ರಭಸ ಅಲ್ಲೇ ಸಾಯಬೇಕು. 2 ಲೀಟರಿನದರಲ್ಲಿ ಆ ದಾರಿ ಇನ್ನೂ ಸಣ್ಣ. ಬಾವಿ ನೀರನ್ನು ಬಾಟಲಿಯಲ್ಲಿ ರಾತ್ರಿಯಿಡೀ ಇಟ್ಟು ನೋಡಿ. ತಳದಲ್ಲಿ ಕೆಂಪು ಗಷ್ಟು ಕೂತರೆ 2 ಲೀಟರಿನದನ್ನು ಮರೆತುಬಿಡಿ, ಪೈಪಿನೊಳಗೇ ಕೂತಿರುವ ಇನ್‌ಲೈನನ್ನೂ. ಬಿಚ್ಚಿ ತೊಳೆಯಲು ಬರುವಂಥದ್ದನ್ನೇ ಕೊಳ್ಳಿ. ಕಬ್ಬಿಣದ ನೀರನ್ನು ಮೊದಲು ತೊಟ್ಟಿಗೆ ಮೇಲಿನಿಂದ ಬೀಳಿಸಿ, ಗಾಳಿಯಾಡಿಸಿ, ತಿಳಿಯಾದ ಮೇಲೆ ಡಿಸ್ಕ್ ಫಿಲ್ಟರಿಗೆ ಬಿಡಬೇಕು. ಫಿಲ್ಟರಿನಲ್ಲಿ ದುಡ್ಡು ಉಳಿಸಿ ದುಬಾರಿ ಡ್ರಿಪ್ಪರ್ ಹಾಕುವುದು ಬಾಗಿಲಿಲ್ಲದ ಮನೆಗೆ ಬೀಗ ತಂದಂತೆ.

ಇಳಿಜಾರಿನ ತೋಟದ್ದು ಬೇರೆ ಲೆಕ್ಕ. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಕೆ.ಜಿ. ಒತ್ತಡ. ಐದು ಮೀಟರ್ ಏರಿದ ಮೇಲಿನ ಸಾಲಿಗೆ ಅರ್ಧ ಕೆ.ಜಿ.ಯಷ್ಟೇ ಸಿಕ್ಕಿದರೆ 4 ಲೀಟರಿನದು 2.8 ಲೀಟರ್ ಕೊಟ್ಟು ಸುಮ್ಮನಾಗುತ್ತದೆ. ಒತ್ತಡ ಸರಿದೂಗಿಸುವ ರಬ್ಬರ್ ಪೊರೆಯ ಡ್ರಿಪ್ಪರಿಗೆ ಇಂಥಲ್ಲಿ ಹೆಚ್ಚು ಕೊಟ್ಟರೂ ತೊಂದರೆಯಿಲ್ಲ. ಆದರೆ ಅದಕ್ಕೂ ಕನಿಷ್ಠ ಒತ್ತಡ ಬೇಕು. ಪಂಪಿಲ್ಲದೆ, ಮೂರು ನಾಲ್ಕು ಮೀಟರ್ ಮೇಲಿಂದ ಬರುವ ಅಬ್ಬಿ ನೀರಿಗೆ ಅದನ್ನು ಹಾಕಿದರೆ ದಂಡ. ಅಲ್ಲಿಗೆ ಸಾದಾ ಡ್ರಿಪ್ಪರ್ ಹಾಕಿ, ಮೇಲಿನ ಸಾಲಿಗೆ ಬೇರೆ ವಾಲ್ವ್ ಇಟ್ಟು ಹೆಚ್ಚು ಹೊತ್ತು ಬಿಡುವುದೇ ಸರಿ.

ಹಾಕಿದ ಮೇಲೆ 100 ಮಿಲಿಲೀಟರಿನ ಲೋಟ ಹಿಡಿದು ಸಾಲಿನ ತುದಿಗೆ ಹೋಗಿ. 4 ಲೀಟರಿನದಾದರೆ 90 ಸೆಕೆಂಡಿನಲ್ಲಿ ತುಂಬಬೇಕು. ಎರಡು ನಿಮಿಷ ದಾಟಿತೋ, ಮೊದಲು ಡ್ರಿಪ್ಪರ್ ಕೂರಿಸಿದ ಲ್ಯಾಟರಲ್ ಪೈಪಿನ ತುದಿಯ ಮುಚ್ಚಳ ಬಿಚ್ಚಿ ನೀರು ಬಿಡಿ. ಎಷ್ಟೋ ಸಲ ಡ್ರಿಪ್ಪರ್ ಬದಲಿಸುವ ಖರ್ಚು ಅಲ್ಲಿಗೇ ಉಳಿಯುತ್ತದೆ.